ಅಣ್ಣಯ್ಯನ ಸಮಪಾಲು

ನಮ್ಮ ಭಾವ ಗಂಗಾಧರಯ್ಯನವರಿಗೆ ಎದೆಯೊಳಗೆ ಹೃದಯ ಅನ್ನೋದೊಂದು ಇದೆ ಎಂದು ನನಗೆ ಗೊತ್ತಾದದ್ದೇ ಅದು ಕೆಟ್ಟಾಗ.

ಅದೇ ವರ್ಷ ಅವರ ತಮ್ಮ, ನನ್ನ ಗಂಡ ವೆಂಕಟಸ್ವಾಮಿಗೂ ಅದೇ ಕಾಯಿಲೆ ಬಂತು. ಹೃದಯ ದೊಡ್ಡದಾಗಿ ಸೋತಿದೆ, ರಕ್ತ ತಳ್ಳುವ ಶಕ್ತಿ ಇಲ್ಲ ಎಂದರು ಜಯನಗರದ ಡಾಕ್ಟರ್ ಶಶಿಧರ್. ಮಾಮೂಲಿ ಮಾತ್ರೆಗಳ ಜೊತೆಗೆ ಹೊಸದೊಂದು ಮಾತ್ರೆಯ ಪರೀಕ್ಷೆ ಬೇರೆ ಬೇರೆ ದೇಶಗಳಲ್ಲಿ ನಡೆಯುತ್ತಿದೆ, ಸೇರುತ್ತೀರಾ ಎಂದು ಇಬ್ಬರನ್ನೂ ಕೇಳಿದರು. ಇದು ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು.

"ಅರ್ಧ ಜನಕ್ಕೆ ನಿಜವಾದ ಔಷಧಿ, ಇನ್ನರ್ಧ ಜನಕ್ಕೆ ನೋಡೋಕೆ ಹಾಗೇ ಇರೋ ಬರೀ ಹಿಟ್ಟಿನ ಮಾತ್ರೆ. ಯಾರಿಗೆ ಯಾವುದು ಅಂತ ನಿಮಗೂ ಗೊತ್ತಿರಲ್ಲ, ನನಗೂ ಗೊತ್ತಿರಲ್ಲ. ಎಲ್ಲಾ ಮುಗಿದ್ಮೇಲೆ ಹೇಳ್ತಾರೆ," ಎಂದರು.

ಇಬ್ಬರೂ ಒಪ್ಪಿ ಒಂದೊಂದು ಡಬ್ಬಿ ತಂದರು. ಅವತ್ತಿನಿಂದ ನಮ್ಮ ಭಾವನಿಗೆ ನಿದ್ದೆ ಹೋಯಿತು, ಕಾಯಿಲೆಯಿಂದಲ್ಲ. ತಮ್ಮನ ಡಬ್ಬಿಯಲ್ಲಿ ನಿಜವಾದದ್ದು ಇದ್ದುಬಿಟ್ಟರೆ? ಜಮೀನು ಭಾಗವಾದಾಗ ಉತ್ತರಹಳ್ಳಿ ರಸ್ತೆ ಬದಿಯದನ್ನೆಲ್ಲ ಬಾಚಿಕೊಂಡು, ಹಳ್ಳದ ಕಡೆಯದನ್ನು ತಮ್ಮನಿಗೆ ತಳ್ಳಿ, ಅದಕ್ಕೆ ಧರ್ಮದ ಪಾಲು ಎಂದು ಹೆಸರಿಟ್ಟ ಮಹಾನುಭಾವ ಅವರು.

ಸ್ವಲ್ಪ ದಿನಕ್ಕೆ ನನ್ನ ಗಂಡನ ಕಾಲೂತ ಇಳಿಯಿತು. ವಸಂತಪುರದ ತನಕ ಏದುಸಿರಿಲ್ಲದೆ ನಡೆದು ಬಂದರು. ನಾನು ಸಂತೋಷಕ್ಕೆ ಅತ್ತುಬಿಟ್ಟೆ. ವಾಸನೆ ಹಿಡಿದವರ ಹಾಗೆ ಭಾವ ಸುಬ್ರಹ್ಮಣ್ಯಪುರದ ನಮ್ಮ ಮನೆಗೆ ಬಂದರು, ಕಂಕುಳಲ್ಲಿ ತಮ್ಮದೇ ಡಬ್ಬಿ.

"ನಿಂದೇ ಅಸ್ಲಿ ಕಣೋ ವೆಂಕ್ಟ. ಒಂದೇ ಹೊಟ್ಟೇಲಿ ಹುಟ್ಟಿದೀವಿ, ಒಬ್ಬ ಔಷ್ದಿ ತಿನ್ನೋದು, ಇನ್ನೊಬ್ಬ ಹಿಟ್ಟು ತಿನ್ನೋದು ನ್ಯಾಯಾನಾ? ಎರಡೂ ಬೆರ್ಸಿ ಸಮಪಾಲು ಮಾಡ್ಕೊಳ್ಳಾಣ."

ಸಮಪಾಲು! ಆ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು. ನನ್ನ ಮೊರವನ್ನೇ ತಗೊಂಡು ಎರಡೂ ಡಬ್ಬಿ ಸುರಿದು, ಅಕ್ಕಿಯಲ್ಲಿ ಬೇಳೆ ಬೆರೆಸಿದಂತೆ ಕೈಯಾಡಿಸಿ ಹಂಚಿದರು. ಆಮೇಲೆ ಹೊಸ ಡಬ್ಬಿ ಬಂದಾಗಲೆಲ್ಲ ತಪ್ಪದೆ ಹಾಜರು.

"ನಾನು ಡಾಕ್ಟ್ರಿಗೆ ಹೇಳ್ತೀನಿ," ಎಂದೆ. ಗಂಡ ನನ್ನ ಕೈ ಹಿಡಿದು ತನ್ನ ತಲೆ ಮೇಲೆ ಇಟ್ಟುಕೊಂಡರು.

"ಹೇಳಿದ್ರೆ ನನ್ನಾಣೆ, ಅಕ್ಕಯಮ್ಮ. ಇಬ್ರನ್ನೂ ಓಡಿಸ್ತಾರೆ. ಅಣ್ಣಯ್ಯ ಬಾಯ್ಬಿಟ್ಟು ಕೇಳ್ದಾಗ ಇಲ್ಲ ಅನ್ನಕ್ಕಾಗ್ತದಾ?"

ಆಗ್ತದೆ ಸ್ವಾಮಿ, ಬೆನ್ನುಮೂಳೆ ಇದ್ದವರಿಗೆ ಆಗ್ತದೆ. ನನ್ನ ಗಂಡ ಚಿನ್ನದಂಥ ಮನುಷ್ಯ, ಆದರೆ ಅಣ್ಣನ ಮುಂದೆ ಮಾತ್ರ ಒದ್ದೆ ಬಟ್ಟೆ. ನಾನೂ ಆಣೆಗೆ ಹೆದರಿ ಬಾಯಿ ಮುಚ್ಚಿಕೊಂಡೆ.

ಅವರ ಕಾಲು ಮತ್ತೆ ಊದಿತು. ಭಾವ ಮಾತ್ರ ಚಿಗುರಿದರು. ಆಷಾಢದಲ್ಲಿ ಒಂದು ಬೆಳಿಗ್ಗೆ ನನ್ನ ಗಂಡ ಗೋಡೆಗೆ ಒರಗಿ ಕೂತವರು ಕಾಫಿ ತರುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ತಿಥಿ ಊಟದಲ್ಲಿ ಭಾವ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತ ನೆಂಟರಿಗೆ ಹೇಳುತ್ತಿದ್ದರು: "ಪಾಪ, ಅವನ ಡಬ್ಬೀಲಿ ಹಿಟ್ಟೇ ಇತ್ತು ಅನ್ಸುತ್ತೆ. ನನ್ನದ್ರಲ್ಲಿ ಅರ್ಧ ಕೊಟ್ಟೆ, ಆದ್ರೂ ಉಳೀಲಿಲ್ಲ." ಥೂ! ಕಿವಿಯಲ್ಲಿ ಸೀಸ ಸುರಿದಂತಾಯಿತು.

ಔಷಧಿ ಕೆಲಸ ಮಾಡುತ್ತದೆ ಎಂದು ಖಚಿತವಾಗಿ ಪರೀಕ್ಷೆ ಬೇಗನೆ ಮುಗಿಯಿತು. ಡಾಕ್ಟರು ಕರೆಸಿದರು. ನಾನೂ ಹೋದೆ.

"ಗಂಗಾಧರಯ್ಯನವರೇ, ನಿಮಗೆ ಬಂದಿದ್ದು ಹಿಟ್ಟು. ನಿಜವಾದ ಔಷಧಿ ಇದ್ದಿದ್ದು ನಿಮ್ಮ ತಮ್ಮನ ಡಬ್ಬೀಲಿ. ಆದ್ರೆ ನೀವು ಚೇತರಿಸ್ಕೊಂಡ್ರಿ, ಅವರು ಹೋದ್ರು. ನನಗೆ ಇದೇ ಅರ್ಥ ಆಗ್ತಿಲ್ಲ."

ಆಣೆ ಯಾರ ಮೇಲಿತ್ತೋ ಅವರೇ ಇರಲಿಲ್ಲ. ಒಂದೂ ಬಿಡದೆ ಹೇಳಿದೆ. ಡಾಕ್ಟರ್ ಪೆನ್ನು ಕೆಳಗಿಟ್ಟರು.

"ಅವರ ಹೃದಯಕ್ಕೆ ಪೂರ್ತಿ ಬೇಕಾಗಿತ್ತಮ್ಮ," ಎಂದು ಮೆಲ್ಲಗೆ ಅಂದರು.

ಭಾವ ಟವಲಿನಿಂದ ಮುಖ ಒರೆಸಿಕೊಂಡರು. ನಾಚಿಕೆಗಲ್ಲ, ಸೆಕೆಗೆ. "ನೋಡಿ ಸಾರ್, ಹಂಚ್ಕೊಂಡಿದ್ದು ಒಳ್ಳೇದೇ ಆಯ್ತು. ಇಲ್ದಿದ್ರೆ ನಾನೂ ಹೋಗ್ಬಿಡ್ತಿದ್ದೆ. ಇನ್ಮೇಲೆ ನಂಗೂ ಅಸ್ಲೀನೇ ಕೊಡ್ತೀರಲ್ವಾ?"

ಡಾಕ್ಟರ್ ಹೊಸ ಡಬ್ಬಿಯನ್ನು ಮೇಜಿನ ಮೇಲೆ ತಳ್ಳಿದರು. ಭಾವ ಎರಡೂ ಕೈ ಚಾಚಿದರು.

"ತಗೊಳ್ಳಿ ಭಾವ," ಎಂದೆ. "ಇನ್ಮೇಲಾದ್ರೂ ಮಾತ್ರೆ ತಿನ್ನಿ. ಇಷ್ಟು ದಿನ ನೀವು ತಿಂದಿದ್ದು ನನ್ನ ಗಂಡನ್ನ."