ಆಕಾಶಣ್ಣನ ನೀರು

ನಮ್ಮ ಶೆಡ್ಡಿನಲ್ಲಿ ಒಂದು ಸೂರ್ಯಾಸ್ತಕ್ಕೆ ಮೂರು ಜನ ಬೇಕು. ಆಕಾಶಣ್ಣ ಆಕಾಶ ಬಳಿಯುತ್ತಾನೆ, ಬೆಟ್ಟದ ಮಾವ ಬೆಟ್ಟ ನಿಲ್ಲಿಸುತ್ತಾನೆ, ನಾನು ಕೆಳಗೆ ನೀರು ತುಂಬುತ್ತೇನೆ. ಹೋಟೆಲ್ ಕೋಣೆಗಳ ಗೋಡೆಗೆ ಹೋಗುವ ಚಿತ್ರಗಳು. ಹತ್ತಿರ ಬಂದು ನೋಡುವವರು ಯಾರೂ ಇಲ್ಲ. ಇಪ್ಪತ್ತು ವರ್ಷದಿಂದ ನಾನು ನೀರಮ್ಮ.

ಆಕಾಶಣ್ಣ ಕ್ಯಾನ್ವಾಸನ್ನು ತಲೆಕೆಳಗಾಗಿ ನಿಲ್ಲಿಸಿಕೊಂಡೇ ಕೆಲಸ ಮಾಡುವುದು. ಎಣ್ಣೆ ಜಾಸ್ತಿಯಾದ ಕೇಸರಿ ಬಣ್ಣ ಇಳಿದು ನಮ್ಮ ಜಾಗ ಹಾಳಾಗಬಾರದಲ್ಲ, ಅದಕ್ಕೆ. ಅದನ್ನು ನೆಟ್ಟಗೆ ಮಾಡಿಕೊಳ್ಳುವುದು ಬೆಟ್ಟದ ಮಾವನ ಪಾಲು. ಹೀಗಾಗಿ ಮೂವತ್ತು ವರ್ಷ ಆಕಾಶ ಬಳಿದವನು ಅದನ್ನು ನೆಟ್ಟಗೆ ನೋಡಿದ್ದೇ ಅಪರೂಪ.

ಅವನ ಹೆಂಡತಿ ಸೊಂಟದ ಮೂಳೆ ಮುರಿದುಕೊಂಡು ಮೂರು ತಿಂಗಳಿಂದ ಮಲಗಿದ್ದರು. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಒಂದು ದಿನ ಅಂದರಂತೆ: "ರೀ, ಜೀವಮಾನವಿಡೀ ಚಿತ್ರ ಚಿತ್ರ ಅಂದ್ರಿ. ಪೂರ್ತಿ ನೀವೇ ಬರೆದದ್ದು ಒಂದಾದ್ರೂ ಇದೆಯಾ?" ಆ ಮಾತು ಮುಳ್ಳಿನ ಹಾಗೆ ಅವನೊಳಗೇ ಉಳಿಯಿತು.

ಶನಿವಾರ ಅರ್ಧ ದಿನ. ಆ ವಾರ ನಲವತ್ತು ಆಕಾಶ ಮುಗಿಸಿದ್ದ ಆಕಾಶಣ್ಣನಿಗೆ ಭುಜ ಏಳುತ್ತಿರಲಿಲ್ಲ. ಆದರೂ ತಿಳಿ ಬೂದು ಬಣ್ಣದ ಅಸ್ತರು ಮಾತ್ರ ಬಳಿದಿದ್ದ ಒಂದು ಖಾಲಿ ಕ್ಯಾನ್ವಾಸು ಎಳೆದುಕೊಂಡ.

"ಅಣ್ಣ, ನೀರು ನಾನು ಹಾಕಿಕೊಡ್ತೀನಿ. ಎಷ್ಟು ಹೊತ್ತಿನ ಕೆಲಸ?"

"ಬೇಡ ನೀರಮ್ಮ. ನೀನು ಕೈಯಿಟ್ರೆ ಅದು ಮತ್ತೆ ಶೆಡ್ಡಿನ ಮಾಲೇ ಆಗುತ್ತೆ. ಅವಳು ಕಂಡುಹಿಡೀತಾಳೆ."

ನಾನು ಟರ್ಪೆಂಟೈನಿನಲ್ಲಿ ಬ್ರಷ್ಷು ತೊಳೆಯುತ್ತ ಕೂತೆ. ಅರ್ಧ ಗಂಟೆಯಲ್ಲಿ ಆಕಾಶವಾಯಿತು. ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿದ, ಬಿಟ್ಟ, ಎದ್ದು ಗಾಢ ನೇರಳೆ ತೆಗೆದುಕೊಂಡು ಬೆಟ್ಟ ಎಳೆದ. ಚೆನ್ನಾಗಿಯೇ ಎಳೆದ. ಆಮೇಲೆ ನೀರು ಹಾಕಲೆಂದು ಕ್ಯಾನ್ವಾಸು ತಿರುಗಿಸಿದ.

ಬೆಟ್ಟಕ್ಕೆ ಮುಂಚೆ ಅದನ್ನು ನೆಟ್ಟಗೆ ಮಾಡಿಕೊಳ್ಳುವುದನ್ನೇ ಮರೆತಿದ್ದ. ಬೆಟ್ಟಗಳು ಆಕಾಶದ ಕೆಳಗೆ ಹಗ್ಗಕ್ಕೆ ಹಾಕಿದ ಬಟ್ಟೆಯ ಹಾಗೆ ನೇತಾಡುತ್ತಿದ್ದವು.

"ಕೆರೆದು ತೆಗೆಯೋಣ, ಇನ್ನೂ ಹಸಿ ಇದೆ" ಎಂದೆ.

"ಕೆರೆಯೋಕೂ ಕೈ ಏಳಲ್ಲ. ಹೀಗೇ ತಗೊಂಡು ಹೋಗಿ ತೋರಿಸ್ತೀನಿ. ಬೈತಾಳೆ, ಅಷ್ಟೇ ತಾನೆ?"

ಹಸಿ ಚಿತ್ರ ಹಿಡಿದು ಬಸ್ಸು ಹತ್ತುವ ಹಾಗಿಲ್ಲ. ಆ ತುದಿ ಅವನು, ಈ ತುದಿ ನಾನು, ಹೆಣ ಹೊತ್ತವರ ಹಾಗೆ ನಡೆದೆವು. ನನ್ನ ತೋಳೆಲ್ಲ ಕೇಸರಿ. ಮನೆ ಸೇರಿ ಮಂಚದ ಎದುರಿನ ಕುರ್ಚಿಗೆ ಒರಗಿಸಿದೆವು. ಅವನ ಕೈಗೆ ಅಭ್ಯಾಸ ನೋಡಿ, ತಲೆಕೆಳಗಾಗಿಯೇ ಇಟ್ಟುಬಿಟ್ಟ.

ಅತ್ತಿಗೆ ಬಹಳ ಹೊತ್ತು ನೋಡಿದರು.

"ಬೆಟ್ಟ ಪರವಾಗಿಲ್ಲ. ಆದ್ರೆ ರೀ, ಈ ನೀರು... ಸೂರ್ಯ ಪೂರ್ತಿ ಅದರೊಳಗೇ ಇಳಿದುಬಿಟ್ಟಿದ್ದಾನಲ್ಲ! ನಿಜ ಹೇಳಿ, ಇದ್ರಲ್ಲಿ ನೀರಮ್ಮನ ಕೈ ಆಡಿಲ್ಲ ತಾನೆ?"

"ನನ್ನಾಣೆ ಅತ್ತಿಗೆ, ಒಂದು ಹನಿ ನಾನು ಮುಟ್ಟಿಲ್ಲ" ಎಂದೆ. ಇಪ್ಪತ್ತು ವರ್ಷದ ನನ್ನ ನೀರಿಗೆ ಇಂಥ ಮಾತು ಯಾರೂ ಆಡಿರಲಿಲ್ಲ. ಹೊಟ್ಟೆ ಸ್ವಲ್ಪ ಉರಿಯಿತು, ಸುಳ್ಳೇಕೆ.

ಆಕಾಶಣ್ಣ ತಲೆ ತಗ್ಗಿಸಿದ. "ಅದು ನೀರಲ್ಲ ಕಣೇ, ಆಕಾಶ. ಸುಸ್ತಲ್ಲಿ ಬೆಟ್ಟ ತಲೆಕೆಳಗೆ ಬರೆದುಬಿಟ್ಟೆ." ತಿರುಗಿಸಲು ಕೈ ಚಾಚಿದ.

"ಮುಟ್ಟಿದ್ರೆ ನೋಡಿ! ಮೂರು ತಿಂಗಳಿಂದ ಸೂರು ನೋಡ್ಕೊಂಡು ಬಿದ್ದಿದ್ದೀನಿ. ಯಾವುದು ಮೇಲೆ, ಯಾವುದು ಕೆಳಗೆ ಅಂತ ನನಗೆ ಹೇಳಿಕೊಡಬೇಡಿ. ಪೂರ್ತಿ ನೀವೇ ಬರೆದದ್ದು ತಾನೆ?"

"ಹೂಂ."

"ಮತ್ತೆ? ಹಾಗೇ ಇರಲಿ."

ಅವನು ಮಂಚದ ತುದಿಗೆ ಕುಸಿದು ಕೂತ. "ಕೇಸರಿ ದಪ್ಪ ಬಿದ್ದಿದೆ. ಒಣಗೋಕೆ ಹದಿನೈದು ದಿನವಾದ್ರೂ ಬೇಕು. ಆಮೇಲೆ ಮೊಳೆ ಹೊಡೀತೀನಿ."

"ಒಣಗಲಿ ಬಿಡಿ. ನಾನೇನು ಎಲ್ಲಿಗಾದ್ರೂ ಓಡಿಹೋಗ್ತೀನಾ?"

ಅವನ ಚಪ್ಪಲಿ ಕಾಲಲ್ಲೇ ಇತ್ತು. ಗೋಡೆಗೆ ಒರಗಿದವನು ಆಗಲೇ ನಿದ್ದೆ ಹೋಗಿದ್ದ.