ಸಾಹೇಬನಿಗೊಂದು ನೆರಳು

ಬಾನಿಯ ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿ ಶನಿಯಾರ ಮತ್ತೆ ಬಾವಿಯಿಂದ ಸೇದಿ ತುಂಬಿದ. ಒಳಗೆ ಮೊಳದುದ್ದದ ಮರದ ತುಂಡು, ತದಡಿಯ ದಂಡೆಗೆ ಸಮುದ್ರ ತಂದೆಸೆದದ್ದು. ಅವನ ಹೆಂಡತಿ ಗಣಪಿ ಒಲೆಯ ಮುಂದೆ ಕೂತು ಎಲ್ಲವನ್ನೂ ಕಂಡಳು. ಕಾಣದವಳ ಹಾಗೆ ಗಂಜಿ ತಿರುವಿದಳು.

"ಉಪ್ಪು ಬಿಡ್ಬೇಕು. ಬಿಡದೆ ಹಾಕಿದ್ರೆ ಮೀನು ಉಳೂದಿಲ್ಲ," ಎಂದು ಅವನು ಬಾಗಿಲಿಗೆ ಹೇಳಿದ. ಹೆಂಡತಿ ಮಾತು ಬಿಟ್ಟ ಮೇಲೆ ಅವನು ಹೇಳುವುದೆಲ್ಲ ಬಾಗಿಲಿಗೇ. ಬಾಗಿಲು ಎದುರುತ್ತರ ಕೊಡುವುದಿಲ್ಲ, ಅಷ್ಟೇ ಲಾಭ. "ಮತ್ತೆ ಇದಕ್ಕೆ..." ಎನ್ನುವಷ್ಟರಲ್ಲಿ ಗಣಪಿ ಸೌಟನ್ನು ಗಡಿಗೆಗೆ ಕುಟ್ಟಿ ಸದ್ದು ಮಾಡಿದಳು. ಅವನು ಮಾತನ್ನು ಅಲ್ಲಿಗೇ ಬಿಟ್ಟು ಕೊಡ ಕವುಚಿಟ್ಟ.

ಮೀನು ಅವರ ಮಗ ದಾಸನದು. ಗದ್ದೆಯ ಕಾಲುವೆಯಲ್ಲಿ ಸಿಕ್ಕಿದ್ದು. ಅದರ ಮೀಸೆ ಕಂಡು ಸಾಹೇಬ ಎಂದು ಹೆಸರಿಟ್ಟು ಹಿತ್ತಿಲ ಕಲ್ಲುಮರಿಗೆಯಲ್ಲಿ ಸಾಕಿದ್ದ. ಯುದ್ಧದ ಕಾಲ, ರೇಷನ್ ಅಕ್ಕಿಗೇ ಪರದಾಟ. ಅಂಥದ್ದರಲ್ಲಿ ಮೀನು ಹಿಡಿಯುವವರ ಮನೆಯಲ್ಲಿ ಮೀನು ಸಾಕಿದ್ದಾರೆಂದು ಕೇರಿಯೇ ನಕ್ಕಿತ್ತು. "ಕಾಗೆ ಕುಟ್ತದೆ ಅಪ್ಪ, ಅದಕ್ಕೆ ಅಡಗೂಕೆ ಒಂದು ಮರದ ತುಂಡು ತಂದ್ಕೊಡು," ಎಂದು ಹುಡುಗ ದಿನಾ ಪೀಡಿಸುತ್ತಿದ್ದ. "ತರ್ತೆ ತಡಿ," ಎಂದು ಶನಿಯಾರ ದಿನಾ ಮರೆಯುತ್ತಿದ್ದ. ಕೊನೆಗೊಂದು ದಿನ ದಾಸ ಆಚೆ ದಂಡೆಯಲ್ಲಿ ತಾನೇ ಆರಿಸಿಕೊಳ್ಳುತ್ತೇನೆಂದು ಹಟ ಹಿಡಿದು ದೋಣಿ ಹತ್ತಿದ. ಗಣಪಿ ಬೇಡವೆಂದಳು. "ಬರ್ಲಿ ಬಿಡು ಮಾರಾಯ್ತಿ, ನಾನಿಲ್ವಾ?" ಎಂದ ಶನಿಯಾರ. ಅಳಿವೆಯ ಬಾಯಲ್ಲಿ ದೋಣಿ ಮಗುಚಿತು. ಅಪ್ಪ ಈಜಿ ಬಂದ. ಮಗನ ಹೆಣ ಬಂತು.

"ನಾನಿಲ್ವಾ ಅಂದ್ರಲ್ಲ," ಎಂದಳು ಗಣಪಿ. ಗಂಡನೊಡನೆ ಅವಳು ಆಡಿದ ಕೊನೆಯ ಮಾತು ಅದು. ಆಮೇಲೆ ಗಂಜಿ ಬಡಿಸಿ ಮುಚ್ಚಿಟ್ಟು ಎದ್ದು ಹೋಗುತ್ತಿದ್ದಳು. ಮರಿಗೆಯ ಹತ್ತಿರವಂತೂ ಅವನನ್ನು ಸುಳಿಯಗೊಡಲಿಲ್ಲ. ಅಗುಳು ಹಾಕುವಾಗ ಸಾಹೇಬ ಮೇಲೆ ಬಂದು ಬೆರಳು ತಾಗಿಸಿದರೆ ಅವಳಿಗೆ ಮಗನೇ ಮುಟ್ಟಿದಂತಾಗುತ್ತಿತ್ತು. ಅದೊಂದು ಜೀವ ಉಳಿಯಲಿ ಎಂದು ದೇವರಿಗೆ ಹರಕೆ ಹೊತ್ತಿದ್ದಳು.

ಮರ ಬಾನಿಯಲ್ಲಿ ನೆನೆಯುತ್ತ ಕೆಲವು ದಿನ ಕಳೆದವು. ಒಂದು ಬೆಳಿಗ್ಗೆ ಶನಿಯಾರ ಸಮುದ್ರಕ್ಕೆ ಹೋದ ಮೇಲೆ ಕಾಗೆ ಬಂದು ಸಾಹೇಬನ ಬೆನ್ನು ಕುಟ್ಟಿತು. ಗಣಪಿ ಓಡಿಸಿದಳು. ಅದು ಮಾಡಿನ ಮೇಲೆ ಕೂತು ಕಾಯತೊಡಗಿತು. ಅವಳು ಬಾನಿಯ ನೀರನ್ನು ಬೊಗಸೆಯಲ್ಲಿ ಎತ್ತಿ ನಾಲಗೆಗೆ ತಾಗಿಸಿದಳು. ಉಪ್ಪಿರಲಿಲ್ಲ, ಬಾವಿಯ ನೀರಿನಷ್ಟೇ ಸಪ್ಪೆ. ದಿನವಿಡೀ ದಣಿದು ಬಂದವನು ಕೊಡ ಕೊಡ ಸೇದಿ ಹಾಕಿದ್ದು ಅವಳಿಗೆ ನೆನಪಾಯಿತು. ಸಂಜೆ ಬಂದಾಗ ಮರ ಮರಿಗೆಯಲ್ಲಿರುವುದನ್ನು ಅವನೇ ಕಾಣಲಿ, ಬಾಯಿ ಬಿಟ್ಟು ಹೇಳುವುದು ಬೇಡ ಎಂದುಕೊಂಡು ಅದನ್ನು ಮೆಲ್ಲಗೆ ಇಳಿಸಿದಳು. ಸಾಹೇಬ ಅದರ ಅಡಿಗೆ ನುಗ್ಗಿ ಮೀಸೆ ಮಾತ್ರ ಹೊರಗಿಟ್ಟ. ಎಷ್ಟೋ ಕಾಲದ ಮೇಲೆ ಗಣಪಿ ನಕ್ಕಳು.

ಮಧ್ಯಾಹ್ನ ಅವಳು ಅಕ್ಕಿ ತರಲು ಹೋದಳು. ಬಿಸಿಲು ನೇರ ಮರಿಗೆಯ ಮೇಲೆ ಬಿದ್ದಿತ್ತು. ಬಂದು ನೋಡಿದರೆ ನೀರಿನ ಮೇಲೆ ಎಣ್ಣೆಯ ಪಸೆ ಹರಡಿತ್ತು. ಸಾಹೇಬ ಹೊಟ್ಟೆ ಮೇಲಾಗಿ ತೇಲುತ್ತಿದ್ದ.

ಸಂಜೆ ಶನಿಯಾರ ಹಿತ್ತಿಲಿಗೆ ಬಂದಾಗ ಅವಳು ಅಲ್ಲೇ ಕೂತಿದ್ದಳು.

"ನಾನೇ ಹಾಕ್ದೆ," ಎಂದಳು. "ಉಪ್ಪಿರ್ಲಿಲ್ಲ. ನಾಲಗೆಗೆ ಹಚ್ಚಿ ನೋಡೇ ಹಾಕ್ದೆ. ಒಳ್ಳೇದಾಗ್ಲಿ ಅಂತ್ಲೇ ಹಾಕ್ದೆ."

ಅವನು ಮರವನ್ನೆತ್ತಿ ಮೂಸಿದ. ಯಾವುದೋ ಒಡೆದ ದೋಣಿಯ ತುಂಡು. ಬಿರುಕಿನೊಳಗೆ, ದೋಣಿಗೆ ಬಳಿಯುವ ಗೇರುಸಿಪ್ಪೆಯ ಎಣ್ಣೆ ಬಿಸಿಲಿಗೆ ಕರಗಿ ಹನಿಯುತ್ತಿತ್ತು.

"ಎಣ್ಣೆ ಹೋಗೂಕೆ ಇದ್ನ ಕೆತ್ತಿ, ಹಂಡೆಯಲ್ಲಿ ಕುದಿಸೂದಿತ್ತು," ಎಂದ. "ಅವತ್ತು ಹೇಳೂಕೆ ಹೊರಟಿದ್ದೆ. ಹೇಳೇಬಿಡ್ಬೇಕಿತ್ತು. ನಂದೇ ತಪ್ಪು."

ಸೌಟಿನ ಸದ್ದು ಗಣಪಿಯ ಕಿವಿಯಲ್ಲಿ ಮತ್ತೆ ಕೇಳಿಸಿತು. ಒಂದು ಬೈಗುಳಕ್ಕೆ ಅವಳು ಕಾದಳು. ಅದು ಬರಲಿಲ್ಲ.

"ಎಲ್ಲಾದಕ್ಕೂ ನಿಮ್ದೇ ತಪ್ಪಾ?" ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಮಗ ಹೋದ ದಿನವೂ ಅವನ ಎದುರು ಹೀಗೆ ಅತ್ತಿರಲಿಲ್ಲ.

ಅವನು ತೆಂಗಿನ ಬುಡದಲ್ಲಿ ಸಣ್ಣ ಗುಂಡಿ ತೋಡಿದ. ಅವಳು ಮಣ್ಣು ಮುಚ್ಚಿದಳು. ಆಮೇಲೆ ಒಳಗೆ ಹೋಗಿ ಗಂಜಿ ಬಡಿಸಿದಳು. ಮುಚ್ಚಲಿಲ್ಲ, ಎದ್ದು ಹೋಗಲೂ ಇಲ್ಲ. ಹಿತ್ತಿಲಲ್ಲಿ ಇನ್ನೂ ಬೆಳಕಿತ್ತು. ಕಾಗೆ ಮರಿಗೆಯ ಅಂಚಿಗೆ ಬಂದು ಕೂತು, ಕತ್ತು ಓರೆ ಮಾಡಿ ನೀರೊಳಗೆ ಹುಡುಕುತ್ತಿತ್ತು.