ಸೋಮವಾರದ ಆಕಳು

ಆಮ್ರಪಾಲಿ ಡಾಕ್ಟರನ್ನು ನಾನು ಮೊದಲು ಕಂಡದ್ದು ರಾಜೇಶ್ವರದ ನಮ್ಮ ದನದ ಕೊಟ್ಟಿಗೆಯಲ್ಲಿ, ಮೂರು ವರ್ಷಗಳ ಹಿಂದೆ, ಶ್ರಾವಣಕ್ಕೆ ಇನ್ನೂ ನಾಲ್ಕು ದಿನವಿದ್ದಾಗ, ಒಂದು ಮಂಗಳವಾರ. ಬೆಳಗಿನ ಏಳಕ್ಕೆ ಅಂಗಳದ ಮುಂದೆ ಸ್ಕೂಟಿಯೊಂದು ನಿಂತಿತು. ಅದರ ಸದ್ದು ಅಡಗುವ ಮೊದಲೇ ಇಳಿದಾಕೆ ಎದುರುಗಾಳಿಯಲ್ಲಿ ನಡೆಯುವವರ ಹಾಗೆ ಮುಂದಕ್ಕೆ ಬಾಗಿ ಕೊಟ್ಟಿಗೆ ಹೊಕ್ಕಾಗಿತ್ತು. ಮೊಣಕಾಲಿಗೆ ಬರುವ ಬಿಳಿ ಕೋಟು, ಎಡಜೇಬಿನಲ್ಲಿ ಕೆಂಪು ಮುಚ್ಚಳದ ನಳಿಕೆಗಳು, ಬಲಜೇಬಿನಲ್ಲಿ ಬೆಲ್ಲದ ಚೂರುಗಳು. ದನದ ಕುತ್ತಿಗೆಯ ನರ ಹಿಡಿದು ರಕ್ತ ತೆಗೆಯುವುದು, ಒಂದು ಚೂರು ಬೆಲ್ಲ ತಿನ್ನಿಸುವುದು, "ಆಯ್ತು, ಮುಂದ?" ಎನ್ನುವುದು. ಅವ್ವ ಕುರ್ಚಿ ತಂದಿಟ್ಟಳು. ಅದು ಕೊನೆಯವರೆಗೂ ಖಾಲಿ ಉಳಿಯಿತು. ಚಹಾವನ್ನು ಅವರು ಒಂದು ಆಕಳಿನಿಂದ ಇನ್ನೊಂದು ಆಕಳಿಗೆ ನಡೆಯುತ್ತಲೇ ಕುಡಿದು ಮುಗಿಸಿದರು.

ನಮ್ಮಪ್ಪ ಬಸವಣಪ್ಪ ಹಳೆಯ ಕಾಲದ ಮನುಷ್ಯ. ಹಗ್ಗ ಹಿಡಿಯುವ ಮೊದಲು ಕೇಳಬೇಕಾದದ್ದನ್ನು ಕೇಳಿಯೇ ಬಿಟ್ಟ.

"ಯಾರ ಪೈಕಿ ಆಗಬೇಕವಾ ನೀವು?"

"ಹುಮನಾಬಾದ ಮಚ್ಚೇಂದ್ರನ ಮಗಳ್ರಿ. ನಮ್ಮ ಮುತ್ಯಾ ನಿಮ್ಮಂಥವರ ಹಿತ್ತಲಕ್ಕ ಬಂದು ಸತ್ತ ದನ ಎಳಕೊಂಡು ಹೋಗತಿದ್ದ. ನಾ ಅಂಗಳದಾಗ ಬಂದು ಬದುಕಿದ್ದ ದನ ಹಿಡಿಯಾಕತ್ತೇನಿ. ಹಗ್ಗ ಜರಾ ಬಿಗಿ ಹಿಡೀರಿ ಕಾಕಾ."

ಅಪ್ಪ ಹಗ್ಗವನ್ನು ಬಿಗಿಯಾಗಿ ಹಿಡಿದ.

ಬೀದರಿನಲ್ಲಿ ಸಂಶೋಧನೆಗೆ ಸೇರಿದ್ದ ಅವರು ಹಿಡಿದಿದ್ದ ಪ್ರಶ್ನೆ ನೇರವಾದದ್ದು. ಚರ್ಮಗಂಟು ರೋಗಕ್ಕೆ ಹಾಕುವ ಲಸಿಕೆಯ ಶಕ್ತಿ ನಮ್ಮ ಕಡೆಯ ದೇವಣಿ ದನಗಳ ರಕ್ತದಲ್ಲಿ ಎಷ್ಟು ಕಾಲ ಉಳಿಯುತ್ತದೆ? ರಾಜೇಶ್ವರ, ಮುಡಬಿ, ಮನ್ನಾಏಖೇಳ್ಳಿಗಳಲ್ಲಿ ಲಸಿಕೆಯಾದ ಮೂವತ್ತೆರಡು ದನ. ಮೂರು ತಿಂಗಳಿಗೊಂದು ಸುತ್ತು. ಸೋಮವಾರ ಮುಡಬಿ, ಮಂಗಳವಾರ ನಮ್ಮೂರು, ಬುಧವಾರ ಮನ್ನಾಏಖೇಳ್ಳಿ. ಒಂದೇ ಮುಂಜಾನೆಯಲ್ಲಿ ಒಂದೂರು ಮುಗಿಸುವುದು ಅವರ ಹಟ. ಮಧ್ಯಾಹ್ನದ ಊಟ ಎಷ್ಟೋ ಸಲ ಆ ಬಲಜೇಬಿನ ಬೆಲ್ಲವೇ.

ಬಸವಕಲ್ಯಾಣದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನನಗೆ ಅವರ ಗುರುತು ಬೆಳೆದದ್ದು ಒಂದು ಹಾಳೆಯ ಕಾರಣದಿಂದ. ಒಂದೂವರೆ ವರ್ಷ ಕಳೆದು ಆರನೆಯ ಸುತ್ತು ಮುಗಿದಿತ್ತು. ರೈತರಿಗೆ ಹಂಚಲು ಸರಳ ಕನ್ನಡದಲ್ಲಿ ಒಂದು ಕರಪತ್ರ ಬರೆದುಕೊಡಿ ಎಂದು ಕಾಲೇಜಿಗೇ ಬಂದರು. ಅದರ ಸಾರ ಇಷ್ಟು: ಒಮ್ಮೆ ಹಾಕಿದ ಲಸಿಕೆ ಹದಿನೆಂಟು ತಿಂಗಳು ಕಾಯುತ್ತದೆ, ವರ್ಷವರ್ಷವೂ ಹಾಕಿಸಬೇಕಾಗಿಲ್ಲ. ಪ್ರಬಂಧದ ತಿರುಳೂ ಅದೇ. ಸಲ್ಲಿಸಲು ಉಳಿದದ್ದು ಮೂರು ವಾರ.

"ಇದನ್ನ ನಂಬಿ ಜನ ಮುಂದಿನ ವರ್ಷ ಸೂಜಿ ಬಿಡತಾರ. ಪಕ್ಕಾ ಐತೇನ್ರಿ?" ಎಂದೆ.

"ರಕ್ತ ಸುಳ್ಳ ಹೇಳಂಗಿಲ್ರಿ ಸರ. ಬರೀರಿ, ಜಲ್ದಿ," ಎಂದು ಅವರು ಸಿಬ್ಬಂದಿ ಕೋಣೆಯಲ್ಲಿ ಕಿಟಕಿಯಿಂದ ಬಾಗಿಲಿಗೂ ಬಾಗಿಲಿಂದ ಕಿಟಕಿಗೂ ನಡೆಯತೊಡಗಿದರು.

ನಾನು ಬರೆಯುತ್ತಿದ್ದೆ, ಅವರು ಅಂಕಿಗಳನ್ನು ಓದಿ ಹೇಳುತ್ತಿದ್ದರು. ಓದುತ್ತ ಓದುತ್ತ ದನಿ ನಿಂತಿತು. ಮುಡಬಿಯ ನಾಲ್ಕು ದನಗಳ ಅಂಕಿ ಆರೂ ಸುತ್ತಿನಲ್ಲಿ ಒಂದಕ್ಕೊಂದು ಅಚ್ಚು ಹೊಡೆದಂತಿತ್ತು. ಏರಿದಾಗ ನಾಲ್ಕೂ ಏರಿದ್ದವು, ಇಳಿದಾಗ ನಾಲ್ಕೂ ಇಳಿದಿದ್ದವು. ಹದಿನೆಂಟು ತಿಂಗಳಾದರೂ ಒಟ್ಟು ಸರಾಸರಿಯನ್ನು ಕುಂದದಂತೆ ಎತ್ತಿ ಹಿಡಿದದ್ದು ಈ ನಾಲ್ಕೇ. ಇವನ್ನು ತೆಗೆದರೆ ಕರಪತ್ರಕ್ಕೆ ಬುಡವೇ ಇಲ್ಲ.

"ಏಳ್ರಿ ಸರ," ಎಂದರು. ಅಂದು ಗುರುವಾರ. ಸ್ಕೂಟಿಯ ಹಿಂದೆ ಕೂತು ನಾನೂ ಮುಡಬಿಗೆ ಹೋದೆ.

ಮೊದಲ ಮನೆ ಮಾಣಿಕಮ್ಮನದು. ಅರವತ್ತು ದಾಟಿದ, ಹಣೆತುಂಬ ವಿಭೂತಿಯ ಹೆಂಗಸು. ಕೊಟ್ಟಿಗೆಯಲ್ಲಿ ಕರಿಮೋರೆಯ ಆಕಳೊಂದು ಮೇವು ಜಗಿಯುತ್ತಿತ್ತು. ಆಮ್ರಪಾಲಿ ಅದನ್ನು ದಿಟ್ಟಿಸಿ ನೋಡಿದರು.

"ಅಮ್ಮಾ, ನಿಮ್ಮ ಆಕಳ ಪೂರಾ ಬಿಳೀದ ಅಲ್ಲೇನು?"

"ನಮ್ದು ಇದ ಅದ ಯವ್ವಾ. ಬಿಳೀದು ಜಹೀರುದ್ದೀನಂದು."

"ಮತ್ತ ನಾ ಯಾವುದರ ರಕ್ತ ತಗೋತಿದ್ದೆ?"

ಮಾಣಿಕಮ್ಮನಿಗೆ ಮುಚ್ಚಿಡುವಂಥದ್ದೇನೂ ಕಾಣಲಿಲ್ಲ. "ನೀ ಬರೋದು ಸೋಮವಾರ. ಬಸವಣ್ಣನ ವಾರ. ಅವತ್ತ ನಾವು ಎತ್ತಿನ ಹೆಗಲಿಗಿ ನೊಗ ಸೈತ ಇಡಂಗಿಲ್ಲ, ಮತ್ತ ಸೂಜಿ ಚುಚ್ಚಸತೀವೇನು?"

"ಬ್ಯಾಡ ಅಂತ ಒಂದ ಮಾತ ಹೇಳಬೇಕಿತ್ತಲ್ಲ."

"ಹ್ಯಾಂಗ ಹೇಳಲಿ? ಹುಮನಾಬಾದದಿಂದ ಅಷ್ಟ ದೂರ ಬರ್ತಿದ್ದಿ. ಮನಿಗಿ ಬಂದ ಹೆಣ್ಮಗಳಿಗಿ ಖಾಲಿ ಕೈಲೆ ಕಳಸಬೇಕೇನು?"

ಮಾತು ಕೇಳಿ ಹಿಂದಿನ ಮನೆಯ ಜಹೀರುದ್ದೀನ್ ಬಂದ. ಹಾಲು ಮಾರುವ ಸಣಕಲು ಮನುಷ್ಯ. "ನಮಗ ಸೋಮವಾರದ ಹರಕತ್ ಇಲ್ರಿ ಬಾಯಾರ. ಇವರು, ಬಾಜೂದ ಮೂರ ಮನಿಯವರು ಕೇಳಿದ್ರು, ಕೊಟ್ಟೆ. ನಮ್ಮ ಆಕಳ ಭಾಳ ಗರೀಬ, ಒದಿಯಂಗಿಲ್ಲ."

ಕಿವಿಗೆ ಹೊಡೆದ ನಂಬರಿನ ಬಿಲ್ಲೆ ಜಾಲಿಮುಳ್ಳಿಗೆ ಸಿಕ್ಕಿ ಕಿತ್ತು ಬೀಳುವುದು ನಮ್ಮಲ್ಲಿ ಸಾಮಾನ್ಯ. ಬಿದ್ದ ಬಿಲ್ಲೆಯನ್ನು ಜನ ಗೋಡೆಯ ಗೂಡಿನಲ್ಲಿ ಜತನವಾಗಿಟ್ಟು ಕೇಳಿದಾಗ ತಂದು ತೋರಿಸುತ್ತಾರೆ. ನಾಲ್ಕು ಮನೆಯವರೂ ಹಾಗೇ ಬಿಲ್ಲೆ ತೋರಿಸಿದ್ದರು, ಡಾಕ್ಟರು ಬರೆದುಕೊಂಡಿದ್ದರು.

"ಒಂದ ಆಕಳ ನಾಲ್ಕ ಮನ್ಯಾಗ ನಿಂತಿತ್ತು. ನನಗ್ಯಾಕ ತಿಳೀಲಿಲ್ಲ?" ಆಮ್ರಪಾಲಿ ಕೇಳಿದ್ದು ತಮ್ಮನ್ನೇ. ಉತ್ತರ ಕೊಟ್ಟವಳು ಮಾಣಿಕಮ್ಮ.

"ನೀ ಮುಂದಿನ ಬಾಗಲಾಗ ಬರ್ತಿದ್ದಿ, ಅದು ಹಿತ್ತಲಾಗ ಹಾದು ಹೋಗತಿತ್ತು. ನಿನಗರ ಪುರಸತ್ತ ಎಲ್ಲಿತ್ತು ತಂಗಿ? ಕುತಗಿ ನೋಡತಿದ್ದಿ. ಮಾರಿ ಒಂದಿನಾನೂ ನೋಡ್ಲಿಲ್ಲ."

"ಅದಕ್ಕ ಬೆಲ್ಲದ ರುಚಿ ಹತ್ತಿತ್ರಿ," ಎಂದ ಜಹೀರುದ್ದೀನ್. "ಸ್ಕೂಟಿ ಆವಾಜ್ ಕೇಳಿದ್ರ ತಾನೇ ಮುಂದಿನ ಮನಿಗಿ ಹೋಗಿ ನಿಂದರತಿತ್ತು."

ನಾನು ನಕ್ಕೆ. ಆಮ್ರಪಾಲಿ ನಗಲಿಲ್ಲ. "ನಿಮ್ಮ ಬಿಳೀ ಆಕಳಿಗಿ ಹಿಂದ ಗಂಟಿನ ಬ್ಯಾನಿ ಬಂದಿತ್ತೇನ್ರಿ?"

"ಬಂದಿತ್ರಿ. ಮೈ ತುಂಬ ಗಂಟ. ಅಲ್ಲಾ ಉಳಿಸಿದ."

ರೋಗ ಬಂದು ಗೆದ್ದ ದನದ ರಕ್ತದಲ್ಲಿ ರೋಗವೇ ಕೊಟ್ಟ ಶಕ್ತಿ ಬಹುಕಾಲ ಇರುತ್ತದೆ, ಅದು ಲಸಿಕೆಯದಲ್ಲ ಎಂದು ಅವರು ನನಗೆ ವಿವರಿಸಿದ್ದು ಆಮೇಲೆ. ಆಗ ಅವರು ಅಲ್ಲಿಯೇ, ಸಗಣಿ ಸಾರಿಸಿದ ನೆಲದ ಮೇಲೆ, ಕೋಟಿನ ಪರಿವೆಯಿಲ್ಲದೆ ಕುಳಿತುಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಆ ನಾಲ್ಕು ಮನೆಗಳ ನಿಜವಾದ ದನಗಳ ರಕ್ತ ತೆಗೆದರು. ವಾರದ ನಂತರ ಫಲಿತಾಂಶ ಬಂತು: ಮೂರರಲ್ಲಿ ಶಕ್ತಿ ಹೆಚ್ಚುಕಡಿಮೆ ಬತ್ತಿಹೋಗಿತ್ತು.

"ನಾಲ್ಕನ್ನ ತೆಗೆದು, ತಿಂಗಳ ಕಡಿಮಿ ಮಾಡಿ, ಉಳಿದದ್ದರ ಮ್ಯಾಲ ಬರೀಬಹುದಲ್ರಿ? ಹೊರಗಿನವರಾಗ ಇದು ಗೊತ್ತಿದ್ದವ ನಾ ಒಬ್ಬನ," ಎಂದೆ. ಆಸೆಯಿಂದಲೇ ಅಂದದ್ದು, ಅವರ ಮೂರು ವಾರ ಎರಡಾಗಿತ್ತು.

"ಮುಡಬ್ಯಾಗ ಉಳಿದ ಮನಿಗೂ ಸೋಮವಾರನ ಹೋಗೀನಿ ಸರ. ಅಲ್ಲಿ ಯಾರ ಆಕಳ ನಿಂತಿತ್ತೋ ಯಾರಿಗಿ ಗೊತ್ತು? ಆ ಹಾಳಿ ಹರೀರಿ."

ಹರಿದೆ. ಈ ವರ್ಷ ಸೂಜಿ ಬೇಕಾಗಿಲ್ಲ ಎಂದು ಆರನೆಯ ಸುತ್ತಿನಲ್ಲೇ ಬಾಯಿಮಾತಿನಲ್ಲಿ ಹೇಳಿಬಿಟ್ಟಿದ್ದರಂತೆ; ಮರುದಿನದಿಂದ ಅವರು ಮೂರೂ ಊರು ಸುತ್ತಿದರು. ಹೋದ ಹೋದ ಅಂಗಳದಲ್ಲಿ, "ನಂದ ತಪ್ಪಾಗೇದ್ರಿ, ಈ ವರ್ಷ ಸೂಜಿ ಬಿಡಬ್ಯಾಡ್ರಿ," ಎಂದರು. ನಮ್ಮಪ್ಪನಿಗೂ ಹೇಳಿದರು. ಓದಿದವರ ಬಾಯಲ್ಲಿ ಆ ಮಾತನ್ನು ಅಪ್ಪ ಕೇಳಿದ್ದು ಅದೇ ಮೊದಲಂತೆ. ಎರಡು ದಿನ ಅದನ್ನೇ ಆಡಿದ.

ಮನೆತನದಲ್ಲಿ ಮೊದಲ ಬಾರಿ ಅಕ್ಷರದ ದಾರಿ ಹಿಡಿದವರ ಚಡಪಡಿಕೆ ನನಗೆ ಹೊಸದಲ್ಲ, ನಾನೂ ಆ ಪೈಕಿಯವನೇ. ನಿಂತರೆ ಯಾರೋ ಹಿಂದಿನಿಂದ ಕರೆದು ಹಳೆಯ ಜಾಗಕ್ಕೆ ಕೂರಿಸಿಯಾರು ಎಂಬ ಅಂಜಿಕೆಯಲ್ಲಿ ನಾವು ಓಡುತ್ತೇವೆ, ಓಡುವಾಗ ಕಣ್ಣೆದುರಿನ ಮುಖವೂ ತಪ್ಪಿಹೋಗುತ್ತದೆ. ಹೀಗೆ ಓಡುವವರಲ್ಲಿ ಬಹಳ ಮಂದಿ ತಪ್ಪನ್ನು ದಾಟಿ ಮುಂದೆ ಓಡುತ್ತಾರೆ. ಅಪರೂಪಕ್ಕೊಬ್ಬರು ಅದೇ ಅವಸರದಲ್ಲಿ ಹಿಂದಕ್ಕೂ ಓಡಿಬರುತ್ತಾರೆ. ವಿದ್ಯೆ ಎಂಬುದು ಯಾರ ಕೈಯಲ್ಲಿ ಸುರಕ್ಷಿತ ಎಂದು ಯಾರಾದರೂ ಕೇಳಿದರೆ ನಾನು ಆ ಅಪರೂಪದವರ ಕಡೆ ಕೈ ತೋರಿಸುತ್ತೇನೆ.

ಪ್ರಬಂಧ ಇನ್ನೂ ಸಲ್ಲಿಕೆಯಾಗಿಲ್ಲ. ಹೊಸದಾಗಿ ಲಸಿಕೆ ಹಾಕಿಸಿದ ಮೂವತ್ತೆರಡು ದನಗಳೊಂದಿಗೆ ಆಮ್ರಪಾಲಿ ಮೊದಲ ಸುತ್ತಿನಿಂದ ಶುರುಮಾಡಿದ್ದಾರೆ. ಈಗ ನಾಲ್ಕನೆಯ ಸುತ್ತು ನಡೆದಿದೆ; ಮುಡಬಿಗೆ ಗುರುವಾರ ಹೋಗುತ್ತಾರೆ.